ಹರ್ಷಿಣಿಯ ಬೆಳಗಿನ ಹೊಟ್ಟೆನೋವು

ಜನಕಪುರಿಯ ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಇಂದಿರಾ ಗಂಡನ ಡಬ್ಬಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಬೇಕು ಎನ್ನುವಷ್ಟರಲ್ಲಿ ಬಚ್ಚಲಿನಿಂದ ಮಗಳ ಕೂಗು ಕೇಳಿಸಿತು.

"ಅಮ್ಮಾ, ಹೊಟ್ಟೆ ನೋವು! ನಹೀಂ ಹೋ ರಹಾ, ಆಗ್ತಾನೇ ಇಲ್ಲ!"

ರೊಟ್ಟಿ ಹಂಚಿನ ಮೇಲೇ ಉಳಿಯಿತು. ಎಂಟು ವರ್ಷದ ಹರ್ಷಿಣಿ ಕಮೋಡಿನ ಮೇಲೆ ಕಾಲು ಜೋತುಬಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತಿದ್ದಳು. ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆದು ಹೊರಟೇ ಹೋಯಿತು. ಆ ವಾರ ಹೀಗಾದದ್ದು ಇದೇ ಮೊದಲಲ್ಲ.

"ಪರೀಕ್ಷೆ ಬಂತಲ್ಲ, ನೆಪ" ಎಂದ ಗಂಡ ಮಹಂತೇಶ್, ಷೂ ಕಟ್ಟುತ್ತ.

ಇಂದಿರಾಗೆ ಹಾಗನ್ನಿಸಲಿಲ್ಲ. ನೆಪ ಹೂಡುವ ಮಗುವಿನ ಹಣೆ ಹೀಗೆ ಬೆವರುವುದಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಬೋಜಮ್ಮನ ದನಿ. "ಏನು ಇಂದಿರಾ, ರೊಟ್ಟಿ ಸುಡ್ತಿದೀಯೋ, ಬಿಲ್ಡಿಂಗೋ?"

ಬೋಜಮ್ಮ ಮೇಲಿನ ಮಹಡಿಯವರು, ಕೊಡಗಿನವರು. ಗಂಡ ಸೈನ್ಯದಲ್ಲಿದ್ದರು, ಬೋಜಮ್ಮ ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ವಿಷಯ ಕೇಳಿ ಒಲೆ ಆರಿಸಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತರು.

"ಬೆಳಿಗ್ಗೆ ಏನು ತಿಂತಾಳೆ?"

"ಕಾರ್ನ್‌ಫ್ಲೇಕ್ಸ್. ಡಬ್ಬಿಗೆ ಬ್ರೆಡ್ಡು, ಚಾಕೊಲೇಟ್ ಸವರಿ. ಸಂಜೆ ನೂಡಲ್ಸ್. ತರಕಾರಿ ಕಂಡ್ರೆ ಮೂತಿ ತಿರುಗಿಸ್ತಾಳೆ. ನೀರಿನ ಬಾಟಲಿ ತುಂಬಿಸಿದ್ದು ಹಾಗೇ ವಾಪಸ್ ಬರುತ್ತೆ."

"ಮತ್ತೆ ಈ ರೊಟ್ಟಿ?"

"ಇವರಿಗೆ. ಷುಗರ್ ಇದೆಯಲ್ಲ, ಡಾಕ್ಟರ್ ಹೇಳಿದಾರೆ."

"ಅಚ್ಛಾ! ಅಪ್ಪನಿಗೆ ಕಾಯಿಲೆ ಬಂದ ಮೇಲೆ ರೊಟ್ಟಿ, ಮಗಳಿಗೆ ಬರೋವರೆಗೂ ಬ್ರೆಡ್ಡು!"

ಮಹಂತೇಶ್ ಷೂ ಕಟ್ಟುವುದನ್ನು ನಿಲ್ಲಿಸಿದ. ಇಂದಿರಾಳ ಮುಖ ಸಣ್ಣದಾಯಿತು.

"ಮೊದಲು ರೊಟ್ಟಿನೇ ಕಳಿಸ್ತಿದ್ದೆ ಅಕ್ಕಾ, ಗುರೆಳ್ಳು ಚಟ್ನಿಪುಡಿ ಜೊತೆ. ಅದರ ಕಪ್ಪು ಬಣ್ಣ ನೋಡಿ ಕ್ಲಾಸಿನ ಮಕ್ಕಳು 'ಕೋಯ್ಲಾ ತಿಂತಾಳೆ, ಇದ್ದಿಲು' ಅಂದ್ರಂತೆ. ಈ ಹಿಂದಿ ಊರಲ್ಲೇ ಬೆಳೆಯೋ ಮಗು, ಎಲ್ಲರ ಥರ ಇರಲಿ ಅಂತ ಬದಲಾಯಿಸಿದೆ."

"ಎಲ್ಲರ ಥರ ಅಂದ್ರೆ ಯಾರ ಥರ? ಎದುರುಮನೆ ಹರಿಯಾಣದವರು ಚಳಿಗಾಲ ಬಂದ್ರೆ ಸಜ್ಜೆ ರೊಟ್ಟಿ ತಟ್ತಾರೆ. ಕೆಳಗಿನ ಬಿಹಾರದ ಆಂಟಿ ಹುರಿಗಡಲೆ ಹಿಟ್ಟು ಕಲಸ್ತಾರೆ. ನಮ್ಮನೇಲಿ ಅಕ್ಕಿ ಶಾವಿಗೆ, ನೂಪುಟ್ಟು. ನನ್ನ ಮಗ ಅದನ್ನ ಶಾಲೆಗೆ ಒಯ್ದಾಗ ಜೊತೆಯವರು 'ನೂಡಲ್ಸಿಗೆ ಮಸಾಲಾ ಹಾಕೋದು ಮರೆತ್ರಾ' ಅಂದಿದ್ರು! ಮನೆಮನೆಗೂ ಒಂದೊಂದು ಊಟ. ಮಕ್ಕಳ ಡಬ್ಬಿ ಮಾತ್ರ ಎಲ್ಲರದ್ದೂ ಒಂದೇ, ಮೈದಾ."

ಇಂದಿರಾ ಸುಲಭಕ್ಕೆ ಒಪ್ಪಲಿಲ್ಲ. "ಬ್ರೆಡ್ಡನ್ನ ಇಡೀ ಜಗತ್ತೇ ತಿನ್ನುತ್ತೆ. ವಿದೇಶದ ಮಕ್ಕಳು ಗಟ್ಟಿಯಾಗಿಲ್ವಾ?"

"ಅಲ್ಲಿಯ ಡಾಕ್ಟರುಗಳೂ ತರಕಾರಿ, ಹಣ್ಣು, ಇಡೀ ಧಾನ್ಯ ಅಂತಲೇ ಬಾಯಿ ಬಡ್ಕೋತಾರೆ. ಹೊರಗಿನದು ಅಂತ ಕೆಟ್ಟದ್ದಲ್ಲ, ನಮ್ಮದು ಅಂತ ಎಲ್ಲಾ ಒಳ್ಳೇದೂ ಅಲ್ಲ. ದಿನಾ ಸಂಡಿಗೆ ಕರಿದು ಹಾಕಿದ್ರೂ ಇದೇ ಪಾಡು. ನಾರು ಇಲ್ಲ, ನೀರು ಇಲ್ಲ, ಮಲ ಗಟ್ಟಿಯಾಗಿರುತ್ತೆ. ನೋವಿಗೆ ಹೆದರಿ ಮಗು ತಡೆಹಿಡಿಯುತ್ತೆ, ಅದು ಇನ್ನೂ ಗಟ್ಟಿಯಾಗುತ್ತೆ. ಚಲೋ, ಇವತ್ತೇ ಡಾಕ್ಟರಿಗೆ ತೋರಿಸು. ನೀನೇ ಜುಲಾಬು ಕೊಡಬೇಡ."

ಮಕ್ಕಳ ವೈದ್ಯರು ಮಲಬದ್ಧತೆ ಎಂದೇ ಹೇಳಿ ಔಷಧ ಕೊಟ್ಟರು. ಬೋಜಮ್ಮನ ಸಲಹೆಯಂತೆ ಕಮೋಡಿನ ಮುಂದೆ ಕಾಲೂರಲು ಮಣೆ ಬಂತು. ಕಾರ್ನ್‌ಫ್ಲೇಕ್ಸಿನ ಜಾಗಕ್ಕೆ ತರಕಾರಿ ಹಾಕಿದ ಉಪ್ಪಿಟ್ಟೋ ಅವಲಕ್ಕಿಯೋ ಬಂತು; ಜೊತೆಗೆ ಪೇರಲೆ ಹೋಳು. ರಾತ್ರಿ ಮಹಂತೇಶನೇ ತನ್ನ ರೊಟ್ಟಿ ಮುರಿದು ಮಗಳ ತಟ್ಟೆಗೆ ಹಾಕಿ, "ನೆಪ ಅಂದ್ನಲ್ಲ ಪುಟ್ಟಿ, ತಪ್ಪಾಯ್ತು" ಎಂದ. ನಿಧಾನವಾಗಿ ಬೆಳಗಿನ ಅಳು ಕಡಿಮೆಯಾಯಿತು, ವ್ಯಾನು ತಪ್ಪುವುದೂ ನಿಂತಿತು. ಡಬ್ಬಿಯಲ್ಲಿ ಮಾತ್ರ ಇನ್ನೂ ಬ್ರೆಡ್ಡೇ ಹೋಗುತ್ತಿತ್ತು. ಅದನ್ನು ಬದಲಿಸಲು ಇಂದಿರಾಗೆ ಧೈರ್ಯ ಸಾಲುತ್ತಿರಲಿಲ್ಲ.

ತಾಯಂದಿರೇ, ತಂದೆಯರೇ, ಮಗುವಿನ ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕಬೇಡಿ. ರಕ್ತ, ವಾಂತಿ, ಉಬ್ಬಿದ ಹೊಟ್ಟೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಪೊಟ್ಟಣದ ತಿಂಡಿ ಎಂದಾದರೊಮ್ಮೆ ಇರಲಿ. ದಿನದ ತಟ್ಟೆಯಲ್ಲಿ ಧಾನ್ಯ, ಬೇಳೆ, ಸೊಪ್ಪು, ಹಣ್ಣು ಇರಲಿ, ಪಕ್ಕದಲ್ಲಿ ನೀರಿರಲಿ. ನಿಮ್ಮ ಮನೆಯ ಊಟವನ್ನು ಮಗು ನಾಚದೆ ಉಣ್ಣಲಿ, ಪಕ್ಕದ ಡಬ್ಬಿಯ ಊಟವನ್ನು ನಗದೆ ನೋಡಲಿ. ಇದನ್ನು ಮನೆಯಲ್ಲೇ ಕಲಿಸಿ. ಮಗು ಮನಸ್ಸಿನಲ್ಲೇ ಏನೋ ಮಾತು ನುಂಗಿಕೊಂಡಿದೆ ಅನ್ನಿಸಿದರೆ ಅವಸರ ಮಾಡದೆ ಕಾಯಿರಿ.

ಇಂದಿರಾಳೂ ಕಾದಳು. ಒಂದು ಸೋಮವಾರ ಖಾಲಿ ಡಬ್ಬಿ ಹಿಡಿದು, "ಇವತ್ತು ಏನು ಹಾಕ್ಲಿ?" ಎಂದು ಕೇಳಿದಳು. ಹರ್ಷಿಣಿ ರಿಬ್ಬನ್ನಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಮ್ಮಾ, ಕ್ಲಾಸಿನವರ ಥರ ತಿನ್ನದಿದ್ರೂ ನಾನು ಅವರ ದೋಸ್ತೇ ಆಗಿರ್ತೀನಾ?"