ಬಿಳಿ ಮನೆಗೆ ಕೆಂಪು ಗಾಳಿ

ಬಣ್ಣ ಬಳಿಯುವ ಮುಂಚೆಯೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕಸುಬು. ಹೊಸಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದೇನೆ. ಗಂಡ ಹೆಂಡತಿ ಜಗಳವಾಡಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇನ್ನೊಂದಿಲ್ಲ.

ಯಶವಂತನಗರದ ಎರ್ರೆಮ್ಮನಿಗೆ ಸುಣ್ಣದಂಥ ಬಿಳಿ ಮನೆ ಬೇಕಿತ್ತು. ಅದೊಂದೇ ಆಸೆ ಇಟ್ಟುಕೊಂಡು ಬಂದ ಹೆಂಗಸು. ಗಣಿ ಕಂಪನಿ ಬಸ್ಸಿನ ಡ್ರೈವರಾಗಿದ್ದ ಗಂಡ ಜಂಬಪ್ಪ ಮಾತ್ರ ಸುತಾರಾಂ ಒಪ್ಪಲೊಲ್ಲರು. ಅದಿರಿನ ಧೂಳು ಹಾರುವ ಊರಲ್ಲಿ ಬಿಳಿಯೆಂದರೆ ಹುಚ್ಚು, ಇಟ್ಟಿಗೆ ಬಣ್ಣವೇ ಸರಿ ಎಂದು ಅವರ ಹಟ. ಪೇಂಟರ್ ನಾಳೆ ಬರುವವನಿದ್ದ.

ನಾನು ಬಿಳಿ ಮನೆಯ ಚಿತ್ರ ತೋರಿಸಿದೆ. ಅಂದವಾಗಿರಲಿ ಎಂದು ಬೆಳಗಿನ ಮಂಜನ್ನೂ ಹರಡಿದ್ದೆ.

"ಮನಿ ಮುಂದ ಈಗ ಲಾರಿ ಹೋತೇನ್ರಿ?" ಎಂದರು ಎರ್ರೆಮ್ಮ.

"ಅದು ಮಂಜು!"

"ನಮ್ಮೂರಾಗ ಇಷ್ಟು ಬೆಳ್ಳಗ ಏನೂ ಏಳಂಗಿಲ್ರಿ."

ಕಣ್ಣು ಉರಿಯುವ ತನಕ ಕೂತು ಮಾಡಿದ ಮಂಜಿಗೆ ಇಷ್ಟೇ ಮರ್ಯಾದೆ! ನನಗೆ ಸಿಟ್ಟೇ ಬಂತು.

ಎರ್ರೆಮ್ಮ ನೀರು ಕುಡಿಯಲು ಆಚೆ ಹೋದದ್ದೇ ತಡ, ಜಂಬಪ್ಪ ಪಿಸುಗುಟ್ಟಿದರು: "ಶಾಂಭವಿಯವ್ರ, ಆ ಮಂಜು ತೆಗದು ನಮ್ಮ ಕೆಂಪು ಧೂಳು ಹಾಕ್ರಿ. ಭಾಳ ಹಾಕ್ರಿ. ನೋಡಿದ ಕೂಡ್ಲೆ ಬಿಳಿ ಬ್ಯಾಡ ಅನ್ನಬೇಕು ಆಕಿ."

ಸಿಟ್ಟಿನಲ್ಲಿದ್ದವಳು ಧಾರಾಳವಾಗಿ ಹಾಕಿದೆ. ಸೂರ್ಯನನ್ನೂ ಸಂಜೆಗೆ ಇಳಿಸಿದೆ.

ಚಿತ್ರ ಮೊದಲು ಚುಕ್ಕಿಚುಕ್ಕಿಯಾಗಿ ಬಂದು ನಿಧಾನಕ್ಕೆ ತಿಳಿಯಾಯಿತು. ಬಿಸಿಲು ಧೂಳಿನ ಕಣಕಣಕ್ಕೂ ತಾಗಿ ಚದುರಿತ್ತು. ಚದುರಿದ ಬೆಳಕು ಬಿಳಿ ಗೋಡೆಗೆ, ಗೋಡೆಯದು ನೆಲಕ್ಕೆ, ನೆಲದ್ದು ಪಡಸಾಲೆಯ ಸೂರಿಗೆ ಪುಟಿದು, ಮೂಲೆಯ ನೆರಳೂ ಗುಲಾಬಿಯಾಗಿ ಬೆಳಗುತ್ತಿತ್ತು. ಹೆದರಿಸಲು ಹೋಗಿ ಇದೇನು ಮಾಡಿಬಿಟ್ಟೆ!

ಅಷ್ಟರಲ್ಲಿ ಬಂದ ಎರ್ರೆಮ್ಮ ಚಪ್ಪಾಳೆಯನ್ನೇ ತಟ್ಟಿದರು. "ಯವ್ವಾ! ಶಿಫ್ಟ್ ಬಿಡೋ ಹೊತ್ತಿಗೆ ಹಿಂಗ ಇರ್ತೈತ್ರಿ ನಮ್ಮೂರು!"

ಜಂಬಪ್ಪನ ಮುಖ ನೋಡಬೇಕಿತ್ತು. "ಇಟ್ಟಿಗಿ ಬಣ್ಣಾನೂ ತೋರಸ್ರಿ," ಎಂದು ಗೊಣಗಿದರು. ತೋರಿಸಿದೆ. ಅದೇ ಧೂಳು, ಅದೇ ಸೂರ್ಯ. ಆದರೆ ಗೋಡೆ ಬೆಳಕನ್ನೆಲ್ಲ ನುಂಗಿ ಕೂತಿತ್ತು, ಪಡಸಾಲೆ ಗವ್ವೆನ್ನುತ್ತಿತ್ತು.

"ಥೂ, ಇದು ಬಸ್ ಡಿಪೋ ಆತಲ್ರಿ!" ಎಂದು ಅವರೇ ಅಂದುಬಿಟ್ಟರು. ಎರ್ರೆಮ್ಮ ನಗು ತಡೆಯಲಾರದೆ ಮೇಜು ಹಿಡಿದುಕೊಂಡರು, ನಾನು ಕುರ್ಚಿ ಹಿಡಿದುಕೊಂಡೆ. ಜಂಬಪ್ಪನಿಗೂ ನಗು ಬಂತು.

"ಆತು, ಆ ಬಿಳೀ ಮನಿ ಮುಂದ ನಮ್ಮಿಬ್ಬರ್ನೂ ನಿಂದ್ರಸ್ರಿ, ನೋಡೂಣು," ಎಂದರು ಅವರು.

ಚಿತ್ರಕ್ಕೆ ಜನರನ್ನು ಸೇರಿಸಲು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಬೊಂಬೆಗಳಲ್ಲಿ ಒಂದು ಸೀರೆಯದನ್ನೂ ಒಂದು ಬಿಳಿ ಅಂಗಿಯದನ್ನೂ ಆರಿಸಿ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಗೋಡೆಯ ಗುಲಾಬಿ ಬೆಳಕು ಹೋಗಿ ಅಂಗಿಯವನ ಕೆನ್ನೆಗೆ ಬಿತ್ತು.

"ಇಲ್ನೋಡ್ರಿ," ಎರ್ರೆಮ್ಮ ಗಂಡನನ್ನು ತಿವಿದರು, "ನನ್ನ ಬಾಜೂಕ ನಿಂತು ಹೆಂಗ ನಾಚ್ಕೊಂಡೀರಿ!"

ಅಂಗಡಿಯೊಳಗೆ ಧೂಳಿರಲಿಲ್ಲ, ಸಂಜೆಯೂ ಆಗಿರಲಿಲ್ಲ. ಆದರೂ ಜಂಬಪ್ಪನ ಕಿವಿ ಕೆಂಪಗಾಗಿದ್ದವು. ಅವರು ನಮಗೆ ಬೆನ್ನು ಮಾಡಿ ಪೇಂಟರಿಗೆ ಫೋನ್ ಹಚ್ಚಿದರು.

"ಲೇ ಮೂಕಪ್ಪಾ, ಬಿಳೀದು ತಗೊಂಡು ಬಾರಲೇ. ನಾಳಿ ಅಲ್ಲ, ಈಗ ಬಾ."