ಸೀಸದ ಚೀಲದಲ್ಲಿ ಅಮ್ಮನ ರೀಲು

ಕಪಾಟು ಖಾಲಿ ಮಾಡುವಾಗ ಹಳೆಯ ಕ್ಯಾಮೆರಾ ಸಿಗುವುದು, ಅದರೊಳಗೆ ಇನ್ನೂ ತೊಳೆಸದ ರೀಲು ಉಳಿದಿರುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಈ ಮನೆಯಲ್ಲಿ ಅದು ಸಿಕ್ಕಿದ್ದು ಟೈಲರ್ ಅಕ್ಕನಿಗೆ. ಅವರ ಅಮ್ಮ ತೀರಿಕೊಂಡು ಕೆಲವು ತಿಂಗಳಾಗಿತ್ತು. ರೀಲಿನಲ್ಲಿ ಇದ್ದದ್ದು ಆ ಅಮ್ಮನ ಫೋಟೋಗಳೇ, ತೆಗೆದವರು ಅಕ್ಕನೇ.

ಅಮ್ಮನದೊಂದು ಅಭ್ಯಾಸ ಹೇಳಬೇಕು. ಫ್ಲ್ಯಾಶ್ ಮಿಂಚಿತೋ, ಕಣ್ಣು ಮುಚ್ಚಿಬಿಡುತ್ತಿದ್ದರು. ಮದುವೆಯ ಆಲ್ಬಮ್ಮಿನಿಂದ ಹಿಡಿದು ಎಲ್ಲ ಫೋಟೋದಲ್ಲೂ ನಿದ್ದೆ. ಈ ರೀಲು ಮಾತ್ರ ಹಿತ್ತಿಲ ಬಿಸಿಲಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದು.

"ಒಂದರಲ್ಲಾದ್ರೂ ಅಮ್ಮ ಕಣ್ಣು ಬಿಟ್ಟಿರ್ತಾಳೆ ಕಣ್ರೀ. ನಂಗೆ ಅಷ್ಟು ಸಾಕು," ಎಂದರು ಅಕ್ಕ ಗಂಡನಿಗೆ.

ಗಂಡನನ್ನು ಬೀದಿಯವರೆಲ್ಲ ಎಕ್ಸ್‌ರೇ ಭಾವ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನಿವೃತ್ತರಾದವರು. ಊರಿನಲ್ಲಿ ರೀಲು ತೊಳೆಯುವ ಸ್ಟುಡಿಯೋಗಳೆಲ್ಲ ಬಾಗಿಲು ಹಾಕಿದ್ದವು. ಉಳಿದಿದ್ದ ಒಂದೇ ಲ್ಯಾಬು ಮಗಳಿರುವ ದೂರದ ನಗರದಲ್ಲಿತ್ತು. ಗಂಡ ಹೆಂಡತಿ ಹೇಗೂ ಅಲ್ಲಿಗೆ ವಿಮಾನದಲ್ಲಿ ಹೊರಟಿದ್ದರು.

"ಆ ಲ್ಯಾಬಿನವನ ಹತ್ರಾನಾ?" ಭಾವ ಮುಖ ಸಿಂಡರಿಸಿದರು. "ಹೋದ ಸಲ ನಮ್ಮ ಪ್ರವಾಸದ ರೀಲು ಹಾಳು ಮಾಡಿಟ್ಟೋನು ಅವನೇ. ಎಲ್ಲಾ ಮಂಜು ಮಂಜು, ಪಟ್ಟೆ ಪಟ್ಟೆ. ನೀನು ತೊಳೆಯೋಕೆ ಹಾಕಿದ ಔಷಧಿ ಹಳಸಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಿದ್ದೀನಿ."

"ಬೇರೆ ಯಾರಿದ್ದಾರೆ, ನೀವೇ ಹೇಳಿ."

ಬೇರೆ ಯಾರೂ ಇರಲಿಲ್ಲ. ಭಾವ ರೀಲನ್ನು ಸುತ್ತಿ ಕ್ಯಾಮೆರಾದಿಂದ ಹೊರತೆಗೆದರು. ಅವರ ಹತ್ತಿರ ಒಂದು ಚೀಲವಿತ್ತು. ಆಸ್ಪತ್ರೆಯಲ್ಲಿ ಕಿರಣ ತಾಗದಿರಲೆಂದು ತೊಡುವ ಸೀಸದ ಏಪ್ರನ್ ಒಂದು ಹರಿದುಹೋಗಿತ್ತು, ಅದರ ತುಂಡಿನಿಂದ ಹೆಂಡತಿಯ ಕೈಲೇ ಹೊಲಿಸಿದ್ದು. ಆ ಚೀಲ ಹೊಲಿಯುವಾಗ ಅಕ್ಕನ ಮೆಷಿನ್ನಿನ ಸೂಜಿಗಳು ಪಟಪಟ ಮುರಿದಿದ್ದವು, ಅದಕ್ಕಾಗಿ ಆದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ರೀಲನ್ನು ಅದರೊಳಗಿಟ್ಟು, ಸೂಟ್‌ಕೇಸಿನ ನಡುವೆ ಸ್ವೆಟರಿನಲ್ಲಿ ಸುತ್ತಿಡುವಾಗ ಅಕ್ಕನ ತಂಗಿ ಬಂದಳು. ಆಕೆಗೆ ವಿಮಾನ ನಿಲ್ದಾಣದಲ್ಲಿ ಕೆಲಸ, ಬ್ಯಾಗುಗಳನ್ನು ತಪಾಸಣೆ ಮಾಡುವ ಮೆಷಿನ್ನಿನ ಪರದೆ ನೋಡುವುದು.

"ಏನದು ಭಾವ, ಅಷ್ಟು ಜೋಪಾನ?"

"ನಿಮ್ಮಮ್ಮನ ರೀಲು. ಸೀಸದ ಚೀಲದಲ್ಲಿ ಆರಾಮಾಗಿ ಮಲಗಿದೆ."

"ಅಯ್ಯೋ, ತೆಗೀರಿ! ಮೊದಲು ಸೂಟ್‌ಕೇಸಿಂದ ಆಚೆ ತೆಗೀರಿ!"

"ನಂಗೇ ಪಾಠ ಹೇಳ್ತೀಯಲ್ಲಮ್ಮ. ಎಕ್ಸ್‌ರೇ ಜೊತೆ ಸಂಸಾರ ಮಾಡಿದೋನು ನಾನು."

"ನಿಮ್ಮದು ಕೈಕಾಲು ನೋಡೋ ಮೆಷಿನ್ನು ಭಾವ. ಲಗೇಜಿಗೆ ಹಾಕಿದ ಸೂಟ್‌ಕೇಸ್ ನೋಡೋ ಮೆಷಿನ್ನಿನ ಕಿರಣ ತುಂಬಾ ಜೋರು, ಇಷ್ಟು ತೆಳು ಸೀಸ ನಂಬೋ ಹಾಗಿಲ್ಲ. ದಪ್ಪ ಇದ್ರೆ ಪರದೆ ಮೇಲೆ ಕರೀ ಗಡ್ಡೆ ಥರ ಕಾಣುತ್ತೆ. ಒಳಗೇನಿದೆ ಅಂತ ತಿಳೀದೆ ನಾವು ಬಿಡ್ತೀವಾ? ಇನ್ನೊಂದ್ಸಲ ಮೆಷಿನ್ನಿಗೆ ಹಾಕ್ತೀವಿ. ಬೇಡ ಅನ್ನೋಕೆ ಅಲ್ಲಿ ನೀವಿರಲ್ಲ."

"ಸರಿ, ಕೈಚೀಲದಲ್ಲಿ ಇಟ್ಕೋತೀನಿ. ಅದೂ ಮೆಷಿನ್ನಿಗೇ ತಾನೇ ಹೋಗೋದು?"

"ಹಳೇ ಮೆಷಿನ್ನಾದ್ರೆ ಸಾಮಾನ್ಯ ರೀಲು ಒಂದೆರಡು ಸಲ ತಡ್ಕೊಳ್ಳಬಹುದು. ಈಗ ಬರ್ತಿರೋದು ನಿಮ್ಮ ಸಿ.ಟಿ. ಸ್ಕ್ಯಾನ್ ಥರದ್ದು. ಒಂದೇ ಸಲಕ್ಕೆ ರೀಲು ಮಂಜಾಗಬಹುದು. ಅದಕ್ಕೇ, ಮೆಷಿನ್ನಿಗೆ ಹಾಕೋ ಮೊದಲೇ, ಕೈಯಲ್ಲಿ ನೋಡಿ ಅಂತ ಕೇಳ್ಕೋಬೇಕು."

ಸಿ.ಟಿ. ಎಂಬ ಮಾತು ಕೇಳಿ ಭಾವ ಚೀಲವನ್ನು ಸೂಟ್‌ಕೇಸಿನಿಂದ ಹೊರತೆಗೆದರು. ಅದು ಎಷ್ಟು ಕಿರಣ ಬಿಡುತ್ತದೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ಮೆಲ್ಲಗೆ ಕೇಳಿದರು, "ರೀ, ಹೋದ ಸಲದ ರೀಲು ಎಲ್ಲಿಟ್ಟಿದ್ರಿ?"

"ಇದೇ ಚೀಲದಲ್ಲಿ."

"ಚೀಲ ಎಲ್ಲಿತ್ತು?"

"ಸೂಟ್‌ಕೇಸಲ್ಲಿ."

"ಪಾಪ ರೀ ಆ ಲ್ಯಾಬಿನವರು!" ಅಕ್ಕನ ದನಿ ಏರಿತು. "ಇವತ್ತು ತಂಗಿ ಬರದೇ ಇದ್ದಿದ್ರೆ ಅಮ್ಮನೂ ಮಂಜಾಗಿ ಹೋಗ್ತಿದ್ಲು. ನಾನು ನಿಮ್ಮ ಮುಖ ನೋಡ್ತಿರ್ಲಿಲ್ಲ, ತಿಳ್ಕೊಳ್ಳಿ."

ಭಾವ ರೀಲನ್ನು ಸೀಸದ ಚೀಲದಿಂದ ತೆಗೆದು, ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಕವರಿಗೆ ಹಾಕಿದರು.

ಹೊರಡುವ ದಿನ ಬೇಗನೇ ನಿಲ್ದಾಣ ಸೇರಿದರು. ತಪಾಸಣೆಯ ಸಾಲಿನಲ್ಲಿ ಭಾವ ಕವರನ್ನು ಮುಂದೆ ಹಿಡಿದರು.

"ಟ್ರೇಗೆ ಹಾಕಿ ಸಾರ್, ಏನೂ ಆಗಲ್ಲ," ಎಂದರು ಅಧಿಕಾರಿ.

ಏನೂ ಆಗಲ್ಲ ಎಂದು ಜೀವಮಾನವಿಡೀ ರೋಗಿಗಳಿಗೆ ಹೇಳಿದವರು ಭಾವ. ಈಗ ಅದೇ ಮಾತನ್ನು ಎದುರು ನಿಂತು ಕೇಳಬೇಕಾಯಿತು.

"ಇನ್ನೂ ತೊಳೆಸಿಲ್ಲ ಸಾರ್. ದಯವಿಟ್ಟು ಕೈಯಲ್ಲೇ ನೋಡಿ. ನಮ್ಮತ್ತೆ ಇದ್ದಾರೆ ಇದರಲ್ಲಿ."

ಹಿಂದೆ ನಿಂತವರು ಗೊಣಗಿದರು. ಅಧಿಕಾರಿ ತಮ್ಮ ಮೇಲಿನವರೊಬ್ಬರನ್ನು ಕರೆದರು. ಅವರು ರೀಲಿನ ಡಬ್ಬಿಯನ್ನು ತಿರುಗಿಸಿ ನೋಡಿ, ಸ್ಫೋಟಕದ ಪುಡಿ ಇದೆಯೇ ಎಂದು ಸಣ್ಣ ಬಟ್ಟೆಯಲ್ಲಿ ಒರೆಸಿ ಪರೀಕ್ಷಿಸಿ, ವಾಪಸು ಕೊಟ್ಟರು. ಅಷ್ಟೇ ಕೆಲಸ.

ಲ್ಯಾಬಿನವರು ಭಾವನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮುಖ ಗಂಟಾಯಿತು.

"ಹೋದ ಸಲದ್ದು ನಿಮ್ಮ ತಪ್ಪಲ್ಲ," ಎಂದರು ಭಾವ. "ರೀಲು ಹಾಳು ಮಾಡಿದ್ದೂ ನಾನೇ, ಬೈದದ್ದೂ ನಾನೇ. ಮನಸ್ಸಿಗೆ ಹಾಕ್ಕೋಬೇಡಿ."

"ಅದಿರ್ಲಿ, ರೀಲು ಕೊಡಿ," ಎಂದರು ಲ್ಯಾಬಿನವರು.

ಫೋಟೋಗಳು ಬಂದವು. ಮಂಜಿಲ್ಲ, ಪಟ್ಟೆಯಿಲ್ಲ. ಆದರೆ ಅಮ್ಮ ಬಿಸಿಲಿಗೂ ಕಣ್ಣು ಮುಚ್ಚಿದ್ದರು. ಅಕ್ಕ ಒಂದೊಂದಾಗಿ ಸರಿಸುತ್ತ ಹೋದರು. ಕೊನೆಯದರಲ್ಲಿ ಕೈ ನಿಂತಿತು. ಅಮ್ಮ ಎರಡೂ ಕಣ್ಣು ಅಗಲವಾಗಿ ಬಿಟ್ಟು ನೇರ ನೋಡುತ್ತಿದ್ದರು.

"ಅತ್ತೆ ನನ್ನನ್ನೇ ದುರುಗುಟ್ಟಿ ನೋಡ್ತಿದ್ದಾರಲ್ಲೇ," ಎಂದರು ಭಾವ.

"ಮತ್ತೆ? ಸೂಟ್‌ಕೇಸಿಗೆ ಹಾಕೋಕೆ ಹೊರಟಿದ್ರಲ್ಲ," ಎಂದು ಅಕ್ಕ ಅಳುತ್ತಲೇ ನಕ್ಕರು.

ಓದುತ್ತಿರುವವರೇ, ನಿಮ್ಮ ಕಪಾಟನ್ನೂ ಒಮ್ಮೆ ನೋಡಿ. ತೊಳೆಸದ ರೀಲು ಸಿಕ್ಕರೆ, ಸಾಧ್ಯವಾದರೆ ಪ್ರಯಾಣಕ್ಕೆ ಮೊದಲೇ ತೊಳೆಸಿ. ಆಗದಿದ್ದರೆ ಕೈಯಲ್ಲೇ ಒಯ್ಯಿರಿ, ಲಗೇಜಿಗೆ ಮಾತ್ರ ಹಾಕಬೇಡಿ. ಕ್ಯಾಮೆರಾದೊಳಗೇ ಇರುವ ರೀಲಿಗೂ ಇದೇ ಮಾತು. ಫೋನು, ಮೆಮೊರಿ ಕಾರ್ಡು, ತೊಳೆಸಿದ ನೆಗೆಟಿವ್ ಬಗ್ಗೆ ಚಿಂತೆ ಬೇಡ. ಕೈಯಲ್ಲಿ ನೋಡಿ ಎಂದರೆ ಎಲ್ಲ ಕಡೆ ಒಪ್ಪುತ್ತಾರೆಂದು ಹೇಳಲಾಗದು, ಅದಕ್ಕೇ ಬೇಗ ಹೋಗಿ, ಸಮಾಧಾನವಾಗಿ ಕೇಳಿ. ಸಾಲಿನಲ್ಲಿ ಹಿಂದಿನವರು ಗೊಣಗಿದರೆ ಗೊಣಗಲಿ, ಸಂಜೆಯೊಳಗೆ ಮರೆಯುತ್ತಾರೆ. ಮಂಜಾಗಿ ಹೋದ ರೀಲಿನಲ್ಲಿ ಅಮ್ಮ ಮತ್ತೆ ಕಣ್ಣು ಬಿಡುವುದಿಲ್ಲ.