ಹೊಸ್ತಿಲಾಚೆಯ ಮೃಗಾಂಕರಾಯ

ವಿಭಾಳ ವ್ಯಾಂಪೈರಿಗೆ ಯಾರೂ ಹೆದರಲಿಲ್ಲ.

ಜಯನಗರದ ಭಾರ್ಗವನ ಮನೆಯಲ್ಲಿ, ಊಟದ ಮೇಜಿನ ಸುತ್ತ, ಭಾನುವಾರ ಮಧ್ಯಾಹ್ನ ಮೂವರು ಗೆಳೆಯರು ಸೇರಿ ಆಡುವ ಆಟ ಅದು. ವಿಭಾ ಕಥೆ ನಡೆಸುವವಳು. ಊರು, ಕಾಡು, ಶತ್ರು ಎಲ್ಲ ಅವಳ ಬಾಯಿಂದಲೇ ಬರಬೇಕು. ಭಾರ್ಗವ ಕತ್ತಿ ಹಿಡಿದ ಕಾವಲುಗಾರ, ಇಂಚರ ಮದ್ದು ಕೊಡುವ ವೈದ್ಯೆ. ಏನಾಗುತ್ತದೆಂದು ಅನುಮಾನವಾದಾಗ ದಾಳ ಉರುಳಿಸುತ್ತಾರೆ. ಅವತ್ತು ಕೋಟೆಯ ಒಡೆಯ ಮೃಗಾಂಕರಾಯ, ಮನುಷ್ಯರ ರಕ್ತ ಕುಡಿದು ನೂರಾರು ವರ್ಷ ಬದುಕಿದವನು, ಮೊದಲ ಸಲ ಕಾಣಿಸಿಕೊಂಡಿದ್ದ. ವಿಭಾ ಗಂಟಲು ದಪ್ಪ ಮಾಡಿ ಗಹಗಹಿಸಿದಳು.

“ಗುರು, ಇವ್ನು ರಕ್ತ ಕುಡಿಯೋಕೆ ಬಂದಿದಾನೋ, ಕೆಮ್ಮಿಗೆ ಔಷಧಿ ಕೇಳೋಕೋ?” ಅಂದ ಭಾರ್ಗವ. ಇಂಚರಳಿಗೆ ನಗು ತಡೆಯಲಾಗಲಿಲ್ಲ.

ಭಾರ್ಗವನ ತಾಯಿ ಜಯಾ ಕೋಡುಬಳೆ ತಂದಿಟ್ಟು ಅಲ್ಲೇ ನಿಂತರು. “ಕರೀದೆ ಯಾರ ಮನೆಯೊಳಗೂ ಕಾಲಿಡೋ ಹಾಗಿಲ್ಲ ಅವ್ನು ಅಂದ್ಯಲ್ಲಮ್ಮ. ಹಿಂಗೆ ಅಬ್ಬರಿಸಿದ್ರೆ ಅವನನ್ನ ಯಾರು ಕರೀತಾರೆ?”

ವಸಂತಪುರಕ್ಕೆ ಹಿಂತಿರುಗುವಾಗ ಮೆಟ್ರೋದಲ್ಲಿ ವಿಭಾಳ ತಲೆಯಲ್ಲಿ ಅದೇ ಪ್ರಶ್ನೆ. ಹೌದಲ್ಲ, ಯಾಕೆ ಕರೀತಾರೆ?

ಅವಳು ಜೆ.ಪಿ. ನಗರದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್. ಆ ವಾರವೆಲ್ಲ ಜನರ ಮಾತಿಗೆ ಕಿವಿಗೊಟ್ಟಳು. ಕಾಯುವ ಕೋಣೆಯಲ್ಲಿ ಒಬ್ಬರು ಕುರ್ಚಿಗಾಗಿ ಜಗಳಕ್ಕೆ ನಿಂತರು, ಯಾರೂ ಮಿಸುಕಲಿಲ್ಲ. ಇನ್ನೊಬ್ಬರು ಗೋಡೆ ಹಿಡಿದುಕೊಂಡು, “ಪರವಾಗಿಲ್ಲ, ನೀವು ಕೂತ್ಕೊಳಿ, ನಂಗಿದು ಅಭ್ಯಾಸ” ಅಂದರು. ಇಬ್ಬರು ಎದ್ದು ಜಾಗ ಬಿಟ್ಟರು. ಹಾಗೆ ಜಾಗ ಪಡೆದು ಕೂತವರ ಮುಖವನ್ನು ವಿಭಾ ಬಹಳ ಹೊತ್ತು ನೋಡಿದಳು. ಅವರಿಗೆ ನಿಜವಾಗಿಯೂ ನೋವಿತ್ತೇ? ಹೇಳಲು ಸಾಧ್ಯವಿರಲಿಲ್ಲ. ಅದೇ ಅವಳಿಗೆ ಸೋಜಿಗವೆನಿಸಿದ್ದು.

ಮುಂದಿನ ಭಾನುವಾರ ಮೃಗಾಂಕರಾಯ ನಗಲಿಲ್ಲ. ಊರಿನವರೆಲ್ಲ ಅಡಗಿದ್ದ ಛತ್ರದ ಬಾಗಿಲಿಗೆ ಒಬ್ಬನೇ ಬಂದು, ಹೊಸ್ತಿಲಿನಾಚೆ ನಿಂತ. ಒಳಗೆ ಗಾಯಾಳುಗಳ ಆರೈಕೆಯಲ್ಲಿದ್ದವಳು ವೈದ್ಯೆ ಒಬ್ಬಳೇ. ಕಾವಲುಗಾರ ಹಿತ್ತಲಲ್ಲಿದ್ದ.

ವಿಭಾ ದನಿ ತಗ್ಗಿಸಿ, ಇಂಚರಳನ್ನಷ್ಟೇ ನೋಡುತ್ತ ಹೇಳಿದಳು: “ಇಷ್ಟು ಜನರನ್ನು ನೀವೊಬ್ಬರೇ ನೋಡಿಕೊಳ್ಳುತ್ತಿದ್ದೀರಿ. ದಣಿವಾಯಿತೇ ಎಂದು ನಿಮ್ಮ ಜೊತೆಗಾರರು ಒಮ್ಮೆಯಾದರೂ ಕೇಳಿದರೇ?”

ಇಂಚರ ಓರೆಗಣ್ಣಿನಲ್ಲಿ ಭಾರ್ಗವನತ್ತ ನೋಡಿದಳು.

“ಕೇಳಿರಲಾರರು. ಅವರ ತಪ್ಪಲ್ಲ ಬಿಡಿ. ಗಾಯಕ್ಕೆ ಬೇಕಾದ ಬೇರು ತಂದಿದ್ದೇನೆ, ಇಲ್ಲೇ ಇಟ್ಟು ಹೋಗುತ್ತೇನೆ. ನನ್ನಂಥವನು ಒಳಗೆ ಬಂದರೆ ನಿಮಗೇ ಕೆಟ್ಟ ಹೆಸರು.”

“ಅಯ್ಯೋ, ಹಾಗೇನಿಲ್ಲ, ಒಳಗೆ ಬನ್ನಿ” ಅಂದುಬಿಟ್ಟಳು ಇಂಚರ.

ದಾಳವನ್ನು ಯಾರೂ ಉರುಳಿಸಿರಲೇ ಇಲ್ಲ. “ಏಯ್!” ಎಂದು ಭಾರ್ಗವ ಎದ್ದು ನಿಂತ.

ಇಂಚರಳ ಮುಖ ಬಿಳಿಚಿಕೊಂಡಿತು. ವಿಭಾ ಗಾಬರಿಯಾಗಿ, “ಸಾರಿ ಕಣೇ, ಜಾಸ್ತಿ ಆಯ್ತಾ? ಬಿಟ್ಬಿಡೋಣ” ಅಂದಳು.

“ಬೇಡ. ಇನ್ನೊಂದ್ಸಲ ಹೇಳು.”

“ಯಾಕೆ?”

“ಬಿಟಿಎಮ್ ಲೇಔಟ್‌ನಲ್ಲಿ ನನ್ ರೂಮ್‌ಮೇಟ್ ಇದ್ಳಲ್ಲ, ಮಧುಶ್ರೀ. ನಾನು ಒಂದು ವರ್ಷ ಈ ಕಡೆ ತಲೆ ಹಾಕ್ಲಿಲ್ಲ, ನಿಮ್ ಫೋನೂ ಎತ್ತಲಿಲ್ಲ. ಅವ್ಳು ಹೋಗ್ಬೇಡ ಅಂತ ಒಂದ್ಸಲನೂ ಹೇಳ್ಲಿಲ್ಲ ವಿಭಾ. ‘ಹೋಗ್ಬಾ, ನಾನೊಬ್ಳೇ ಇರ್ತೀನಿ, ಅಭ್ಯಾಸ ಇದೆ’ ಅನ್ನೋಳು. ನಾನಾಗೇ ನಿಂತ್ಬಿಡ್ತಿದ್ದೆ. ಯಾವ ಮಾತಿಗೆ ಬೀಳ್ತೀನಿ ಅಂತ ಇವತ್ತಿಗೂ ಗೊತ್ತಾಗಿಲ್ಲ. ನೋಡ್ಬೇಕು ನಂಗೆ.”

ಆ ವರ್ಷದ ಬಗ್ಗೆ ಅವಳು ಬಾಯಿ ಬಿಟ್ಟಿದ್ದು ಇದೇ ಮೊದಲು. ಭಾರ್ಗವ ಮೆಲ್ಲನೆ ಕೂತ.

ವಿಭಾ ಅದೇ ಮಾತುಗಳನ್ನು ಅದೇ ದನಿಯಲ್ಲಿ ಮತ್ತೆ ಹೇಳಿದಳು. ಕೆಟ್ಟ ಹೆಸರಿನ ಮಾತೇ ಬಲೆ ಎಂದ ಭಾರ್ಗವ. ಇಂಚರ ಅಲ್ಲವೆಂದು ತಲೆಯಾಡಿಸಿದಳು.

“ಅದಲ್ಲ. ಅದಕ್ಕೂ ಮುಂಚೆ. ದಣಿವಾಯ್ತಾ ಅಂತ ಇವ್ರು ಕೇಳಿದ್ರಾ ಅಂದ್ಳಲ್ಲ, ಆಗ ನಂಗೆ ನಿನ್ ಮೇಲೆ ಕೋಪ ಬಂತು ಕಣೋ. ನಿಜವಾಗ್ಲೂ ಬಂತು.”

“ನಾನು ಹಿತ್ತಲಲ್ಲಿದ್ನಲ್ಲೇ!”

“ಅದೇ! ನೀನು ಏನೂ ಮಾಡಿಲ್ಲ. ಆದ್ರೂ ಬಂತು.” ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಏನನ್ನೋ ಪತ್ತೆ ಹಚ್ಚಿದ ಉತ್ಸಾಹ. “ಇನ್ನೊಂದ್ಸಲ, ವಿಭಾ.”

ಮೃಗಾಂಕರಾಯ ಮತ್ತೆ ಹೊಸ್ತಿಲಾಚೆ ನಿಂತು ಕೇಳಿದ. ಇಂಚರ ಬೆನ್ನು ನೆಟ್ಟಗೆ ಮಾಡಿಕೊಂಡಳು.

“ದಣಿವಾಗಿದೆ, ನಿಜ. ಅವರನ್ನೇ ಕರೆದು ಹೇಳ್ತೀನಿ, ಇರಿ.” ಹಿತ್ತಲ ಕಡೆಗೆಂಬಂತೆ ತಿರುಗಿ ಕೂಗಿದಳು: “ಭಾರ್ಗವಾ!”

ವಿಭಾ ಬಾಯಿ ತೆರೆದಳು. ಮೃಗಾಂಕರಾಯನ ಬಾಯಲ್ಲಿ ಹೇಳಿಸಲು ಒಂದು ಮಾತೂ ಹೊಳೆಯಲಿಲ್ಲ. ಇಡೀ ವಾರ ಕೂಡಿಟ್ಟಿದ್ದ ನಯವೆಲ್ಲ ಒಬ್ಬರನ್ನು ಒಂಟಿಯಾಗಿ ಹಿಡಿಯಲು ಮಾತ್ರ ಸಾಕಾಗುವಂಥದ್ದು ಎಂದು ಆಗ ಅವಳಿಗೆ ತಿಳಿಯಿತು.

“ಸರಿ, ಇದನ್ನೇ ಇಟ್ಕೊಳೋಣ. ಅವ್ನು ಒಳಗೆ ಬರ್ಲಿಲ್ಲ” ಅಂದಳು.

“ಇಲ್ಲ, ಮೊದಲನೇದೇ ಇರ್ಲಿ,” ಅಂದಳು ಇಂಚರ, ದುಪಟ್ಟಾದಿಂದ ಮುಖ ಒರೆಸಿಕೊಂಡು. “ಕರೆದಿದ್ದು ಕರೆದಿದ್ದೇ. ಒಳಗಿದಾನೆ ಈಗ. ಹೊರಗೆ ಹೇಗೆ ಕಳಿಸೋದು, ಅದನ್ನ ನೋಡೋಣ.”

ಭಾರ್ಗವ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. ಇಂಚರ ದಾಳಕ್ಕೆ ಕೈ ಚಾಚಿದಳು.